ಮಾವನವರ ಕಿರ್ದಿ

ಮುಂಬಯಿಯ ಕನ್ನಡಿಗರು ನಾಲ್ವರು ಒಂದೆಡೆ ಸೇರಿದರೆ ಮಾತು ಊರಿನ ಮಳೆಯಿಂದ ಆರಂಭವಾಗಿ, ಲೋಕಲ್ ಗಾಡಿಯ ನೂಕುನುಗ್ಗಲನ್ನು ಹಾದು, ಕೊನೆಗೆ ಕಾಯಿಲೆಗಳಲ್ಲಿ ಬಂದು ತಂಗುವುದು ವಾಡಿಕೆ. ಸಕ್ಕರೆ ಕಾಯಿಲೆಯವರು ತಮ್ಮ ರಕ್ತದ ಅಂಕಿಗಳನ್ನು ಮಗನ ಪರೀಕ್ಷೆಯ ಅಂಕಗಳಂತೆ ಹೇಳಿಕೊಳ್ಳುತ್ತಾರೆ. ರಕ್ತದೊತ್ತಡದವರು ಉಪ್ಪಿಲ್ಲದ ಸಾರಿನ ವರ್ಣನೆ ಮಾಡುತ್ತಾರೆ. ಮೊಣಕಾಲಿನ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವರಂತೂ ಸಂಘದ ವಾರ್ಷಿಕೋತ್ಸವಕ್ಕೆ ಬಂದು ನಾಲ್ಕು ಹೆಜ್ಜೆ ನಡೆದು ತೋರಿಸುವುದುಂಟು. ಆದರೆ ಗಂಡಸರಿಗೆ ಮಾತ್ರ ಬರುವ ಒಂದು ಕಾಯಿಲೆಯಿದೆ. ಅದರ ಹೆಸರು ಈ ಗೋಷ್ಠಿಗಳಲ್ಲಿ ಕೇಳಿಬರುವುದಿಲ್ಲ. "ಅವರಿಗೇನೋ ಮೂತ್ರದ ತೊಂದರೆಯಂತೆ" ಎಂದು ದನಿ ತಗ್ಗಿಸಿ ಹೇಳಿ, ಕೂಡಲೇ ಮಾತನ್ನು ಪುನಃ ಮಳೆಗೆ ತಿರುಗಿಸಿಬಿಡುತ್ತಾರೆ.

ಆ ಹೆಸರನ್ನು ನಾವು ಇಲ್ಲಿ ಬಾಯಿಬಿಟ್ಟು ಹೇಳಲಿದ್ದೇವೆ. ಪ್ರಾಸ್ಟೇಟ್ ಗ್ರಂಥಿಯ ಕ್ಯಾನ್ಸರ್. ಅದರಲ್ಲಿಯೂ, ಹೋಯಿತು ಎಂದು ನಂಬಿದ ಮೇಲೆ ಮತ್ತೆ ಮರಳಿ ಬರುವ ಕ್ಯಾನ್ಸರ್. ನಾವು ವೈದ್ಯರಲ್ಲ, ಸರ್ಕಾರಿ ಕಚೇರಿಯೊಂದರಲ್ಲಿ ಕಡತಗಳ ನಡುವೆ ಕುಳಿತಿರುವ ಗುಮಾಸ್ತರು, ಬಿ.ಎ.ಯಲ್ಲಿ ಓದಿದ್ದು ಇತಿಹಾಸ. ನಮ್ಮ ಪತ್ನಿಯ ತಂದೆಯವರು 2014ರಿಂದ ಈ ಕಾಯಿಲೆಯೊಡನೆ ಸಂಸಾರ ನಡೆಸುತ್ತಿದ್ದಾರೆ. ಅವರೂ ಅತ್ತೆಯವರೂ ನಮ್ಮೊಡನೆಯೇ ಡೊಂಬಿವಲಿಯಲ್ಲಿದ್ದಾರೆ. ಈ ಲೇಖನಕ್ಕೆ ಅವರ ಒಪ್ಪಿಗೆ ಕೇಳಿದಾಗ, "ಹೆಸರು ಹಾಕಬೇಡಿ, ಉಳಿದದ್ದೆಲ್ಲ ಹಾಕಿ. ಲೆಕ್ಕ ಮಾತ್ರ ತಪ್ಪಬಾರದು" ಎಂದರು.

ಮೊದಲು ಈ ಗ್ರಂಥಿಯ ಪರಿಚಯ. ಮೂತ್ರಕೋಶದ ಕೆಳಗೆ, ಮೂತ್ರನಾಳವನ್ನು ಬಳಸಿಕೊಂಡು ಕುಳಿತಿರುವ, ದೊಡ್ಡ ನೆಲ್ಲಿಕಾಯಿಯಷ್ಟು ಗಾತ್ರದ ಒಂದು ಗ್ರಂಥಿ ಅದು. ವಯಸ್ಸಾದಂತೆ ಹಿಗ್ಗುವುದು ಅದರ ಸ್ವಭಾವ. ರಾತ್ರಿ ಮೂರು ನಾಲ್ಕು ಸಲ ಏಳುವುದು, ಧಾರೆ ತೆಳುವಾಗುವುದು, ಬಂದಂತಾಗಿ ಬಾರದಿರುವುದು ಇವೆಲ್ಲ ಹೆಚ್ಚಾಗಿ ಈ ಹಿಗ್ಗುವಿಕೆಯ ಫಲ, ಕ್ಯಾನ್ಸರಿನದಲ್ಲ. ಕ್ಯಾನ್ಸರ್ ಮೊದಮೊದಲು ಸದ್ದೇ ಮಾಡದೆ ಇರಬಹುದು. ಹಲವರಲ್ಲಿ ಅದು ಬಹು ನಿಧಾನವಾಗಿ ಬೆಳೆಯುವ ಜಾತಿ, ಕೆಲವರಲ್ಲಿ ಮಾತ್ರ ಅವಸರದ್ದು. ಯಾವುದು ಯಾವ ಜಾತಿಯದೆಂದು ಸೂಜಿಯಿಂದ ಚೂರು ತೆಗೆದು ಸೂಕ್ಷ್ಮದರ್ಶಕದಲ್ಲಿ ನೋಡಿದ ವೈದ್ಯರೇ ಹೇಳಬೇಕು. ಇದು ಅಂಟುರೋಗವಲ್ಲವೆಂಬುದನ್ನೂ ಹೇಳಿಬಿಡುತ್ತೇವೆ. ಈ ಕಾಲದಲ್ಲಿಯೂ ಲೋಟ ಬೇರೆ ಇಡುವ ಮನೆಗಳನ್ನು ಕಂಡಿದ್ದೇವೆ.

ಮಾವನವರು ಕುಂದಾಪುರ ತಾಲೂಕಿನವರು. ಹದಿನಾರನೆಯ ವಯಸ್ಸಿಗೆ ಮುಂಬಯಿಗೆ ಬಂದು, ಮಾಟುಂಗದ ಹೊಟೇಲೊಂದರಲ್ಲಿ ಲೋಟ ತೊಳೆಯುವುದರಿಂದ ಆರಂಭಿಸಿ, ರಾತ್ರಿ ಶಾಲೆಯಲ್ಲಿ ಕಲಿತು, ಕೊನೆಗೆ ಮೂವತ್ತೈದು ವರ್ಷ ಗಲ್ಲಾದ ಮೇಲೆ ಕುಳಿತವರು. ದಿನದ ಜಮಾಖರ್ಚನ್ನು ಕೆಂಪು ಬಟ್ಟೆಯ ರಟ್ಟಿನ ಕಿರ್ದಿಯಲ್ಲಿ ಬರೆಯದೆ ಮಲಗಿದವರಲ್ಲ. ಕೆಲಸ ಬಿಟ್ಟ ಮೇಲೆಯೂ ಆ ಅಭ್ಯಾಸ ಹೋಗಲಿಲ್ಲ. ಮನೆಯ ಹಾಲು, ಪತ್ರಿಕೆ, ತರಕಾರಿ ಎಲ್ಲವೂ ಕಿರ್ದಿಗೇ.

2014ರಲ್ಲಿ ಅವರಿಗೆ 61 ವರ್ಷ. ನಮ್ಮ ಮದುವೆಯಾಗಿ ಎಂಟು ತಿಂಗಳು. ಹೊಸ ಅಳಿಯನಿಗೂ ಮಾವನವರಿಗೂ ನಮ್ಮಲ್ಲಿ ಎಂಥ ಮಾತುಕತೆ ನಡೆಯುತ್ತದೆಂಬುದು ಎಲ್ಲರಿಗೂ ಗೊತ್ತಿದ್ದದ್ದೇ: "ಊಟವಾಯಿತೇ", "ಆಫೀಸು ಹೇಗಿದೆ", ಅಷ್ಟೆ. ಭಾವಮೈದುನ ಬೆಂಗಳೂರಿನಲ್ಲಿದ್ದುದರಿಂದ ವೈದ್ಯರ ಬಳಿಗೆ ಕರೆದುಕೊಂಡು ಹೋಗುವ ಕೆಲಸ ನಮ್ಮ ಪಾಲಿಗೆ ಬಂತು. ವೈದ್ಯರು "ರಾತ್ರಿ ಎಷ್ಟು ಸಲ ಏಳುತ್ತೀರಿ?" ಎಂದು ಕೇಳಿದರು. ಮಾವನವರು ಗೋಡೆಯ ಮೇಲಿನ ಕ್ಯಾಲೆಂಡರನ್ನು ನೋಡಿದರು. ನಾವು ನಮ್ಮ ಚಪ್ಪಲಿಯನ್ನು ನೋಡಿದೆವು. ಬಾಗಿಲ ಬಳಿ ನಿಂತಿದ್ದ ಅತ್ತೆಯವರು, "ಐದು ಸಲ. ಒಂದು ವರ್ಷದಿಂದ" ಎಂದರು. ಮುಂದಿನ ಪ್ರಶ್ನೆಗಳಿಗೆಲ್ಲ ಉತ್ತರ ಕೊಟ್ಟವರು ಅವರೇ.

ರಕ್ತಪರೀಕ್ಷೆಯಲ್ಲಿ ಪಿ.ಎಸ್.ಎ. ಎಂಬ ಒಂದು ಅಂಕಿ 14 ಎಂದು ಬಂತು. ಈ ಪಿ.ಎಸ್.ಎ. ಪ್ರಾಸ್ಟೇಟ್ ಗ್ರಂಥಿಯೇ ತಯಾರಿಸುವ ಒಂದು ಸಸಾರಜನಕ. ರಕ್ತದಲ್ಲಿ ಅದರ ಪ್ರಮಾಣವನ್ನು ಮಿಲಿಲೀಟರಿಗೆ ಇಷ್ಟು ನ್ಯಾನೋಗ್ರಾಂ ಎಂದು ಅಳೆಯುತ್ತಾರೆ. ಗ್ರಂಥಿ ಬರಿದೇ ಹಿಗ್ಗಿದ್ದರೂ, ಸೋಂಕು ತಗಲಿದ್ದರೂ ಅದು ಏರಬಹುದು. ಆದ್ದರಿಂದ ಅಂಕಿಯೊಂದರಿಂದಲೇ ತೀರ್ಪಿಲ್ಲ. ಚೂರು ತೆಗೆದು ನೋಡಿದಾಗ ಕ್ಯಾನ್ಸರೆಂದು ಖಚಿತವಾಗಿ, ಪರೇಲಿನ ಟಾಟಾ ಸ್ಮಾರಕ ಆಸ್ಪತ್ರೆಯಲ್ಲಿ ಗ್ರಂಥಿಯನ್ನು ಪೂರ್ತಿಯಾಗಿ ತೆಗೆದರು. ಗ್ರಂಥಿಯೇ ಇಲ್ಲದ ಮೇಲೆ ಪಿ.ಎಸ್.ಎ. ಎಲ್ಲಿಂದ ಬರಬೇಕು? ಅಂಕಿ ಸೊನ್ನೆಗೆ ಹತ್ತಿರ ಇಳಿಯಿತು. ಮಾವನವರು ಕಿರ್ದಿಯ ಹಿಂಬದಿಯಿಂದ ಹೊಸ ಖಾತೆ ತೆರೆದು, ತಾರೀಖು, ಅಂಕಿ, ವೈದ್ಯರು ಹೇಳಿದ ಮಾತು ಎಂದು ಮೂರು ಕಲಮು ಎಳೆದರು. ನಾಲ್ಕು ವರ್ಷ ಆ ಖಾತೆಯಲ್ಲಿ ಬರೆಯಲು ಹೆಚ್ಚಿಗೆ ಏನೂ ಇರಲಿಲ್ಲ. ಮನೆಯಲ್ಲಿ ಎಲ್ಲರೂ ಅದನ್ನು ಮರೆತೇಬಿಟ್ಟಿದ್ದರು.

2018ರಲ್ಲಿ ಅಂಕಿ 0.2 ಆಯಿತು. ಎರಡು ತಿಂಗಳ ಮೇಲೆ 0.4.

ಇಷ್ಟು ಸಣ್ಣ ಅಂಕಿಗೆ ಇಷ್ಟು ದೊಡ್ಡ ಅರ್ಥವಿರಬಹುದೆಂದು ನಮಗೆ ಆವರೆಗೆ ತಿಳಿದಿರಲಿಲ್ಲ. ಗ್ರಂಥಿಯನ್ನು ತೆಗೆದವರಲ್ಲಿ 0.2 ಅಥವಾ ಅದಕ್ಕೆ ಮೇಲ್ಪಟ್ಟು ಎರಡು ಸಲ ಬಂದರೆ ಕಾಯಿಲೆ ಮರಳಿದೆಯೆಂದು ವೈದ್ಯರು ಲೆಕ್ಕ ಹಾಕುತ್ತಾರೆ. ಗ್ರಂಥಿಯನ್ನು ಇರಗೊಟ್ಟು ವಿಕಿರಣ ಕೊಟ್ಟವರಿಗೆ ಲೆಕ್ಕ ಬೇರೆ: ಇಳಿದ ಅತಿ ಕೆಳಗಿನ ಅಂಕಿಗಿಂತ 2 ಮೇಲೇರಿದರೆ ಮರುಕಳಿಕೆ. ನೋವಿಲ್ಲ, ಜ್ವರವಿಲ್ಲ, ಸ್ಕ್ಯಾನಿನಲ್ಲಿ ಹಲವು ವೇಳೆ ಏನೂ ಕಾಣುವುದಿಲ್ಲ. ಕಾಗದದ ಮೇಲೆ ಒಂದು ಅಂಕಿ ಮಾತ್ರ. ಮನುಷ್ಯನು ನೋವನ್ನಾದರೂ ತಡೆದುಕೊಂಡಾನು, ಆದರೆ ಆರೋಗ್ಯವಾಗಿರುವಂತೆ ಕಾಣುವಾಗಲೇ "ಮರಳಿ ಬಂದಿದೆ" ಎಂಬ ಮಾತನ್ನು ಹೊತ್ತು ತಿರುಗುವುದು ಕಷ್ಟ. ಹಳೆಯ ಕನ್ನಡಿಗರು ಕ್ಯಾನ್ಸರಿಗೆ ಏಡಿಗಂತಿ ಎಂದು ಹೆಸರಿಟ್ಟಿದ್ದರು. ಕಡಲತಡಿಯಲ್ಲಿ ಹುಟ್ಟಿದ ಮಾವನವರು ಅದನ್ನು ನೆನೆದು, "ಏಡಿ ಬಿಲದೊಳಗೆ ಹೋದರೆ ಸತ್ತಿತೆಂದು ತಿಳಿಯಬಾರದು" ಎಂದು ಹೇಳಿ ನಕ್ಕರು. ನಮ್ಮಾಕೆ ನಗಲಿಲ್ಲ.

ಆಗ ನಮಗೆ ನೆರವಾದ ಒಂದು ಸಂಗತಿಯನ್ನು ಇಲ್ಲಿ ಹೇಳಲೇಬೇಕು. 1999ರಲ್ಲಿ ಅಮೆರಿಕದ ಜಾನ್ಸ್ ಹಾಪ್‌ಕಿನ್ಸ್ ಆಸ್ಪತ್ರೆಯ ವೈದ್ಯರು, ತಮ್ಮಲ್ಲಿ ಗ್ರಂಥಿ ತೆಗೆಸಿಕೊಂಡ ಸುಮಾರು 2000 ಮಂದಿಯ ಚರಿತ್ರೆಯನ್ನು ಪ್ರಕಟಿಸಿದರು. ಅವರಲ್ಲಿ 315 ಮಂದಿಗೆ ಪಿ.ಎಸ್.ಎ. ಮತ್ತೆ ಏರಿತ್ತು. ಕೂಡಲೇ ಹಾರ್ಮೋನ್ ಚಿಕಿತ್ಸೆ ಕೊಡದೆ ಕಾದು ನೋಡಿದವರಲ್ಲಿ, ಅಂಕಿ ಏರಿದಂದಿನಿಂದ ಕಾಯಿಲೆ ಬೇರೆ ಅಂಗಕ್ಕೆ ಹರಡಿದ್ದು ಕಾಣುವವರೆಗೆ ಹಿಡಿದ ಕಾಲ, ನಡುವಿನ ಲೆಕ್ಕದಲ್ಲಿ, 8 ವರ್ಷ. ಎಲ್ಲರಿಗೂ ಹೀಗೆಯೇ ಎಂದಲ್ಲ. ಅಂಕಿ ಬೇಗ ಬೇಗ ಇಮ್ಮಡಿಯಾಗುವವರಿಗೆ ಕಾಲ ಕಡಿಮೆ. ಆದರೆ ಮರುಕಳಿಕೆ ಎಂಬ ಪದ ಕೇಳಿದೊಡನೆ ಮನೆಯವರ ಕಣ್ಣಿಗೆ ಕಟ್ಟುವ ಚಿತ್ರವೇ ಬೇರೆ. ಈ ಎಂಟು ವರ್ಷವೆಂಬ ಅಂಕಿಯೇ ಬೇರೆ. ನಮ್ಮ ಮಗಳು ಆಗ ಎರಡು ವರ್ಷದವಳು. ಎಂಟು ವರ್ಷವೆಂದರೆ ಅವಳು ನಾಲ್ಕನೆಯ ತರಗತಿ ದಾಟಿರುತ್ತಾಳೆ ಎಂದು ಅತ್ತೆಯವರು ಬೆರಳು ಮಡಚಿ ಎಣಿಸಿದರು.

ಮಾವನವರಿಗೆ ಕಾದು ನೋಡುವ ಬದಲು ವಿಕಿರಣ ಕೊಡುವುದೆಂದು ನಿಶ್ಚಯವಾಯಿತು. 33 ದಿನ, ಶನಿವಾರ ಭಾನುವಾರ ಬಿಟ್ಟು ಆರೂವರೆ ವಾರ. ಡೊಂಬಿವಲಿಯಿಂದ ಪರೇಲಿಗೆ ನಿಧಾನದ ಗಾಡಿ. ಲೋಕಲಿನಲ್ಲಿ ಅಂಗವಿಕಲರಿಗಾಗಿ ಮೀಸಲಾದ ಡಬ್ಬಿಯಲ್ಲಿ ಕ್ಯಾನ್ಸರ್ ರೋಗಿಗಳೂ ಪ್ರಯಾಣ ಮಾಡಬಹುದೆಂಬುದು ನಮ್ಮಲ್ಲಿ ಹಲವರಿಗೆ ಗೊತ್ತಿಲ್ಲ. ಮೊದಲ ದಿನ ಮಾವನವರು ಆ ಡಬ್ಬಿ ಹತ್ತಲು ಒಪ್ಪಲಿಲ್ಲ. "ನನಗೆ ಕೈಕಾಲು ನೆಟ್ಟಗಿದೆಯಲ್ಲ" ಎಂದರು. ಎರಡನೆಯ ವಾರ ಆಯಾಸ ಹತ್ತಿದ ಮೇಲೆ ತಾವಾಗಿಯೇ ಹತ್ತಿದರು. ಹೋಗುವಾಗ ಮೂತ್ರಕೋಶ ತುಂಬಿರಬೇಕು, ವಿಕಿರಣ ಯಂತ್ರದ ಕೆಳಗೆ ಮಲಗುವವರೆಗೆ ತಡೆದುಕೊಂಡಿರಬೇಕು. ಗಾಡಿ ಕುರ್ಲಾದ ಬಳಿ ನಿಂತರೆ ನಮ್ಮಿಬ್ಬರ ಮುಖವೂ ನೋಡುವಂತಿರುತ್ತಿತ್ತು. ಊಟವಾಯಿತೇ, ಆಫೀಸು ಹೇಗಿದೆ ಎಂಬ ಮಾತುಗಳಾಚೆಗೆ ನಾವಿಬ್ಬರು ದಾಟಿದ್ದು ಆ ಗಾಡಿಯಲ್ಲಿಯೇ.

ಆಸ್ಪತ್ರೆಯಲ್ಲಿ ಸರದಿಗಾಗಿ ಕಾಯುವ ಹೊತ್ತಿನಲ್ಲಿ, ಇತಿಹಾಸದ ವಿದ್ಯಾರ್ಥಿಯಾದ ನಮಗೆ ಆ ಕಟ್ಟಡದ ಚರಿತ್ರೆಯ ಮೇಲೆ ಕುತೂಹಲ ಹುಟ್ಟಿತು. ಅದರ ಬೇರು ನಮ್ಮ ಮೈಸೂರು ಸೀಮೆಯವರೆಗೂ ಹೋಗುತ್ತದೆಂದರೆ ವಾಚಕರಿಗೆ ಆಶ್ಚರ್ಯವಾದೀತು. ಜಮ್‌ಶೇಟ್‌ಜಿ ಟಾಟಾರ ಹಿರಿಯ ಮಗ ದೊರಾಬ್ಜಿಯವರ ಪತ್ನಿ ಮೆಹರ್‌ಬಾಯಿ. ಅವರ ತಂದೆ ಹೊರ್ಮುಸ್‌ಜಿ ಭಾಭಾ ಮೈಸೂರು ಸಂಸ್ಥಾನದ ವಿದ್ಯಾ ಇಲಾಖೆಯ ಮುಖ್ಯಸ್ಥರಾಗಿದ್ದವರು. ಮಗಳು ಬೆಳೆದದ್ದು ನಮ್ಮ ನಾಡಿನಲ್ಲಿ. 1898ರಲ್ಲಿ ಮದುವೆಯಾಗಿ ಮುಂಬಯಿಗೆ ಬಂದ ಆಕೆ 1931ರಲ್ಲಿ ರಕ್ತದ ಕ್ಯಾನ್ಸರಿನಿಂದ ತೀರಿಕೊಂಡರು. ಮರುವರ್ಷವೇ ದೊರಾಬ್ಜಿಯವರೂ ಹೋದರು. ಅವರ ಹೆಸರಿನ ಧರ್ಮನಿಧಿ ಕಟ್ಟಿಸಿದ ಆಸ್ಪತ್ರೆ 1941ರ ಫೆಬ್ರವರಿ 28ರಂದು, 80 ಹಾಸಿಗೆಗಳೊಡನೆ, ಪರೇಲಿನಲ್ಲಿ ತೆರೆಯಿತು. 1957ರಲ್ಲಿ ಅದು ಕೇಂದ್ರ ಸರ್ಕಾರದ ಆರೋಗ್ಯ ಮಂತ್ರಾಲಯದ ವಶಕ್ಕೂ, 1962ರಲ್ಲಿ ಅಣುಶಕ್ತಿ ಇಲಾಖೆಯ ವಶಕ್ಕೂ ಬಂತು. ಆ ಇಲಾಖೆಯ ಮುಖ್ಯಸ್ಥರಾಗಿದ್ದ ಹೋಮಿ ಭಾಭಾರವರಿಗೆ ಮೆಹರ್‌ಬಾಯಿ ಸ್ವಂತ ಸೋದರತ್ತೆ. ಅತ್ತೆಯ ನೆನಪಿಗೆ ಎದ್ದ ಆಸ್ಪತ್ರೆ ಅಳಿಯನ ಕೈಗೆ ಬಂದು ಸೇರಿದಂತಾಯಿತು.

1941ರಲ್ಲಿಯೇ, ಸಮುದ್ರದಾಚೆ ಶಿಕಾಗೋದಲ್ಲಿ, ಚಾರ್ಲ್ಸ್ ಹಗಿನ್ಸ್ ಎಂಬ ಶಸ್ತ್ರವೈದ್ಯರು ಒಂದು ವಿಚಾರ ಕಂಡುಹಿಡಿದರು. ಗಂಡಸಿನ ವೃಷಣದಲ್ಲಿ ಹುಟ್ಟುವ ಹಾರ್ಮೋನೇ ಪ್ರಾಸ್ಟೇಟ್ ಕ್ಯಾನ್ಸರಿನ ಆಹಾರ. ಅದನ್ನು ನಿಲ್ಲಿಸಿದರೆ, ಮೂಳೆಗೆ ಹರಡಿ ಹಾಸಿಗೆ ಹಿಡಿದವನೂ ಎದ್ದು ಕೂರಬಹುದು. 1966ರಲ್ಲಿ ಅವರಿಗೆ ನೊಬೆಲ್ ಪಾರಿತೋಷಕ ದೊರೆಯಿತು. ಅವರು ಮಾಡಿದ್ದು ವೃಷಣವನ್ನು ತೆಗೆಯುವ ಚಿಕ್ಕ ಶಸ್ತ್ರಕ್ರಿಯೆ. ಒಮ್ಮೆ ಮಾಡಿದರೆ ಮುಗಿಯಿತು, ಖರ್ಚೂ ಕಡಿಮೆಯೆಂದು ನಮ್ಮ ದೇಶದಲ್ಲಿ ಈಗಲೂ ಅದನ್ನು ಆರಿಸಿಕೊಳ್ಳುವವರಿದ್ದಾರೆ. ಅದೇ ಫಲವನ್ನು ಸೂಜಿಮದ್ದಿನಿಂದ ಪಡೆಯುವ ದಾರಿ, ಮಿದುಳಿನ ಹಾರ್ಮೋನುಗಳ ಮೇಲೆ ದುಡಿದು 1977ರಲ್ಲಿ ನೊಬೆಲ್ ಪಡೆದ ಆಂಡ್ರ್ಯೂ ಶಾಲಿಯವರ ಸಂಶೋಧನೆಯಿಂದ ತೆರೆಯಿತು. ಈ ಚರಿತ್ರೆಯನ್ನು ನಾವು 2018ರಲ್ಲಿ ಬರಿಯ ಕುತೂಹಲಕ್ಕೆ ಓದಿದ್ದು. ನಾಲ್ಕು ವರ್ಷದ ಮೇಲೆ ಅದು ಮನೆಯೊಳಗೇ ಬಂತು.

2022ರ ಬೇಸಿಗೆ. ಭಾವಮೈದುನನಿಗೆ ಶಿವಮೊಗ್ಗದ ಕಡೆಯ ಸಂಬಂಧ ಗೊತ್ತಾಗಿ, ದೀಪಾವಳಿಯ ನಂತರ ಮದುವೆಯೆಂದು ಮಾತಾಗಿತ್ತು. ಮಾವನವರು ಆರು ತಿಂಗಳಿಗೊಮ್ಮೆ ರಕ್ತ ಕೊಡುವುದನ್ನು ತಾವೇ ನೋಡಿಕೊಳ್ಳುತ್ತಿದ್ದರು; ನಮಗೆ ಕಚೇರಿಯ ರಜೆ ದಂಡವಾಗಬಾರದೆಂದು ಅವರ ಹಟ. ಎಲ್ಲವೂ ಸರಿಯಿದೆ ಎನ್ನುತ್ತಿದ್ದರು. ಜುಲೈನಲ್ಲಿ ಒಂದು ರಾತ್ರಿ ನಮ್ಮಾಕೆ ಹಾಲಿನ ಲೆಕ್ಕ ನೋಡಲು ಕಿರ್ದಿ ತೆರೆದವಳು, ಯಾಕೋ ಹಿಂಬದಿಯನ್ನೂ ತಿರುವಿದಳು. ಏಪ್ರಿಲ್ ತಿಂಗಳ ತಾರೀಖು ಇತ್ತು. ಅಂಕಿಯ ಕಲಮು ಖಾಲಿ. ಅಷ್ಟು ವರ್ಷಗಳಲ್ಲಿ ಆ ಪುಸ್ತಕದಲ್ಲಿ ಖಾಲಿ ಬಿಟ್ಟ ಕಲಮು ಅದೊಂದೇ. ಸುಳ್ಳು ಅಂಕಿ ಬರೆಯಲು ಅವರಿಗೆ ಕೈ ಬಂದಿರಲಿಲ್ಲ.

ಕೇಳಿದಾಗ ಮೊದಲು ಸುಮ್ಮನಿದ್ದರು. ಆಮೇಲೆ ದೇವರ ಗೂಡಿನ ಹಿಂದಿನಿಂದ ವರದಿಯ ಕಾಗದ ತೆಗೆದುಕೊಟ್ಟರು. ಅಂಕಿ 3.1. "ಹೆಣ್ಣಿನ ಕಡೆಯವರಿಗೆ ತಿಳಿದರೆ ಏನಂದುಕೊಂಡಾರು? ಮದುವೆಯೊಂದು ಮುಗಿಯಲಿ ಎಂದಿದ್ದೆ" ಎಂದರು. ಅತ್ತೆಯವರು ಕೂಗಾಡಲಿಲ್ಲ, ಅಳಲೂ ಇಲ್ಲ. "ಮೂವತ್ತೈದು ವರ್ಷ ಊರವರ ದುಡ್ಡಿನ ಲೆಕ್ಕ ನೋಡಿದಿರಿ. ಮನೆಯ ಲೆಕ್ಕ ಮಾತ್ರ ನಮಗೆ ತೋರಿಸಬಾರದೇ?" ಎಂದಷ್ಟೇ ಕೇಳಿದರು. ಆ ಮಾತು ಮಾವನವರಿಗೆ ತಾಗಿದಷ್ಟು ಯಾವ ವೈದ್ಯರ ಮಾತೂ ತಾಗಿರಲಿಲ್ಲ.

ಮುಚ್ಚಿಡುವುದು ನಮ್ಮವರ ಹುಟ್ಟುಗುಣವೆಂದು ನಾವು ತಿಳಿದಿದ್ದೆವು, ಹಾಗೇನೂ ಅಲ್ಲ. ಫ್ರಾನ್ಸಿನ ಅಧ್ಯಕ್ಷರಾಗಿದ್ದ ಫ್ರಾನ್ಸುವಾ ಮಿತ್ತರಾಂ ಅವರಿಗೆ 1981ರಲ್ಲಿ, ಅಧಿಕಾರಕ್ಕೆ ಬಂದ ಕೆಲವೇ ತಿಂಗಳಲ್ಲಿ, ಇದೇ ಕ್ಯಾನ್ಸರ್ ಮೂಳೆಗೆ ಹರಡಿದ್ದು ಗೊತ್ತಾಯಿತು. ಅಧ್ಯಕ್ಷರು ಆರೋಗ್ಯವಾಗಿದ್ದಾರೆಂದು ವರ್ಷ ವರ್ಷವೂ ಪ್ರಕಟಣೆ ಹೊರಡುತ್ತಿತ್ತು. ದೇಶಕ್ಕೆ ತಿಳಿದದ್ದು 1992ರಲ್ಲಿ. ಅವರು 1995ರವರೆಗೆ ಆಳಿ 1996ರ ಜನವರಿಯಲ್ಲಿ ತೀರಿಕೊಂಡರು. ಇನ್ನೊಂದು ಕಡೆ ದಕ್ಷಿಣ ಆಫ್ರಿಕದ ಡೆಸ್ಮಂಡ್ ಟುಟು. ಆ ದೇಶದ ಸತ್ಯ ಮತ್ತು ಸಂಧಾನ ಆಯೋಗದ ಅಧ್ಯಕ್ಷರಾಗಿದ್ದಾಗಲೇ, 1997ರಲ್ಲಿ, ಅವರಿಗೆ ಪ್ರಾಸ್ಟೇಟ್ ಕ್ಯಾನ್ಸರೆಂದು ಗೊತ್ತಾಯಿತು. ಅವರು ಅದನ್ನು ಊರಿಗೆಲ್ಲ ಹೇಳಿದರು. ಕಾಯಿಲೆ ಮರಳಿ ಬಂತು, ಮರಳಿ ಚಿಕಿತ್ಸೆ ನಡೆಯಿತು, ನಡುನಡುವೆ ಲೋಕಸಂಚಾರವೂ ನಡೆಯಿತು. ಅವರು ತೀರಿಕೊಂಡದ್ದು 2021ರ ಡಿಸೆಂಬರಿನಲ್ಲಿ, ತಮ್ಮ 90ನೆಯ ವಯಸ್ಸಿನಲ್ಲಿ. ಕಾಯಿಲೆ ಕಂಡ 24 ವರ್ಷದ ಮೇಲೆ. ಇಬ್ಬರೂ ಬಹುಕಾಲ ಬದುಕಿದರು, ನಿಜ. ಆದರೆ ಮಿತ್ತರಾಂ ಅವರ ವೈದ್ಯರು ವರ್ಷಗಟ್ಟಲೆ ಹೊತ್ತ ಸುಳ್ಳಿನ ಭಾರವನ್ನು ನೆನೆದರೆ, ನಮಗೆ ದೇವರ ಗೂಡಿನ ಹಿಂದಿನ ಆ ಕಾಗದವೇ ಕಣ್ಣಮುಂದೆ ಬರುತ್ತದೆ.

ಹೆಣ್ಣಿನ ಕಡೆಯವರಿಗೆ ಭಾವಮೈದುನನೇ ವಿಷಯ ತಿಳಿಸಿದ. ಬೀಗರು ಫೋನು ಮಾಡಿ, "ನಮ್ಮ ಅಣ್ಣನಿಗೂ ಅದೇ ಆಗಿತ್ತು, ನಾವು ಯಾರಿಗೂ ಹೇಳಿರಲಿಲ್ಲ" ಎಂದರು. ಮದುವೆ ನಿಶ್ಚಯಿಸಿದ ದಿನಕ್ಕೇ ನಡೆಯಿತು.

ಹೊಸ ಸ್ಕ್ಯಾನಿನಲ್ಲಿ ಸೊಂಟದ ಮೂಳೆಯಲ್ಲೊಂದು, ದುಗ್ಧಗ್ರಂಥಿಯಲ್ಲೊಂದು ಚುಕ್ಕೆ ಕಂಡಿತು. ಮೂರು ತಿಂಗಳಿಗೊಂದು ಸೂಜಿಮದ್ದು, ದಿನವೂ ಅಬಿರಾಟೆರೋನ್ ಎಂಬ ಮಾತ್ರೆ. ಈ ಮಾತ್ರೆ ಅಮೆರಿಕದಲ್ಲಿ 2011ರಲ್ಲಿ ಬಂದಾಗ ಮಧ್ಯಮ ವರ್ಗದವರ ಕೈಗೆಟುಕುವಂತಿರಲಿಲ್ಲ. ನಮ್ಮ ದೇಶದ ಕಂಪೆನಿಗಳೇ ತಯಾರಿಸತೊಡಗಿದ ಮೇಲೆ ಬೆಲೆ ಬಹಳ ಇಳಿದಿದೆ. ಶಿಕಾಗೋದ ವೈದ್ಯರ ಮುಂದಾಳುತನದಲ್ಲಿ 72 ಮಂದಿಯ ಮೇಲೆ ನಡೆದು 2018ರಲ್ಲಿ ಪ್ರಕಟವಾದ ಒಂದು ಪರೀಕ್ಷೆಯಲ್ಲಿ, ಬರಿಹೊಟ್ಟೆಯಲ್ಲಿ 1000 ಮಿಲಿಗ್ರಾಂ ತೆಗೆದುಕೊಳ್ಳುವ ಬದಲು ಲಘು ಉಪಾಹಾರದೊಡನೆ 250 ಮಿಲಿಗ್ರಾಂ ತೆಗೆದುಕೊಂಡರೂ ಪಿ.ಎಸ್.ಎ. ಇಳಿಯುವುದರಲ್ಲಿ ಕೊರತೆಯಾಗಲಿಲ್ಲ. ಇದನ್ನು ಓದಿ ಯಾರೂ ತಾವಾಗಿ ಮಾತ್ರೆ ಕಡಿಮೆ ಮಾಡಬಾರದು. ವೈದ್ಯರನ್ನು ಕೇಳುವುದಕ್ಕೆ ಮಾತ್ರ ಹೇಳಿದ್ದೇವೆ. ಕೇಳಿದರೆ ವೈದ್ಯರಿಗೆ ಕೋಪ ಬರುವುದಿಲ್ಲ. ಊರಿನ ನಾಟಿ ಮದ್ದಿನ ವಿಚಾರವನ್ನೂ ಮುಚ್ಚದೆ ಹೇಳಬೇಕು. ಆಸ್ಪತ್ರೆಯ ಮದ್ದನ್ನು ನಿಲ್ಲಿಸಿ ಅದನ್ನು ಹಿಡಿದವರು ಆರು ತಿಂಗಳ ಮೇಲೆ ಮರಳಿ ಬಂದು ಬಾಗಿಲಲ್ಲಿ ನಿಂತದ್ದನ್ನು ಪರೇಲಿನಲ್ಲಿ ಕಂಡಿದ್ದೇವೆ.

ಹಾರ್ಮೋನ್ ನಿಂತರೆ ಗಂಡಸಿನ ಮೈಯಲ್ಲಿ ಆಗುವ ಮಾರ್ಪಾಡುಗಳನ್ನು ಮೊದಲೇ ತಿಳಿದಿರುವುದು ಒಳ್ಳೆಯದು. ಇದ್ದಕ್ಕಿದ್ದಂತೆ ಮೈಯೆಲ್ಲ ಬಿಸಿಯೇರಿ ಬೆವರು ಹರಿಯುತ್ತದೆ. ಹೊಟ್ಟೆ ಬರುತ್ತದೆ, ತೋಳು ಸಣ್ಣಗಾಗುತ್ತದೆ, ಮೂಳೆ ತೆಳುವಾಗುತ್ತದೆ, ಬಯಕೆ ಆರುತ್ತದೆ. ಸಣ್ಣ ಮಾತಿಗೆ ಕಣ್ಣಲ್ಲಿ ನೀರು ಬರುತ್ತದೆ. ಜನವರಿಯ ಚಳಿಯಲ್ಲಿ ಮಾವನವರು ಫ್ಯಾನು ಹಾಕು ಎಂದಾಗ ಅತ್ತೆಯವರು, "ಐವತ್ತನೆಯ ವಯಸ್ಸಿನಲ್ಲಿ ನನಗೂ ಹೀಗೇ ಆಗುತ್ತಿತ್ತು. ಆಗ ನೀವು ಕರೆಂಟು ಬಿಲ್ಲು ಎಂದಿದ್ದಿರಿ" ಎಂದು ಹೇಳಿ, ಫ್ಯಾನನ್ನೂ ಹಾಕಿದರು. ಗಂಡ ಹೆಂಡಿರ ನಡುವೆ ಈ ಕಾಯಿಲೆ ಏನೇನನ್ನು ಕಸಿಯುತ್ತದೆಂಬುದನ್ನು ಅಳಿಯನಾದವನು ಬರೆಯುವುದು ಸರಿಯಲ್ಲ. ಇಷ್ಟು ಹೇಳಬಹುದು: ಈಗ ಇಬ್ಬರೂ ಬೆಳಿಗ್ಗೆ ಒಟ್ಟಿಗೆ ಮುಕ್ಕಾಲು ಗಂಟೆ ನಡೆಯುತ್ತಾರೆ. ಮೂಳೆಗೂ ಸ್ನಾಯುವಿಗೂ ನಡಿಗೆಯೇ ಮದ್ದೆಂದು ವೈದ್ಯರು ಹೇಳಿದ್ದು. ಹಿಂದೆ ಹೊಟೇಲಿನ ದುಡಿಮೆಯಲ್ಲಿ ಒಂದು ದಿನವೂ ಜೊತೆಗೆ ನಡೆದವರಲ್ಲ ಎನ್ನುವುದು ಅತ್ತೆಯವರ ಮಾತು.

ಇನ್ನು ಹಣದ ಮಾತು. ಸರ್ಕಾರಿ ನೌಕರರಾದ ನಾವೇ ಒಂದು ವಿಮೆಯ ಬಿಲ್ಲಿಗಾಗಿ ಏಳು ತಿಂಗಳು ಅಲೆದವರು. ಕಡತದ ಆಚೆ ಬದಿಯಲ್ಲಿ ನಿಲ್ಲುವುದು ಎಂಥದೆಂದು ಆಗ ತಿಳಿಯಿತು. ಮಹಾರಾಷ್ಟ್ರದ ಪಡಿತರ ಚೀಟಿಯುಳ್ಳವರಿಗೆ ಮಹಾತ್ಮಾ ಜ್ಯೋತಿರಾವ್ ಫುಲೆ ಜನ ಆರೋಗ್ಯ ಯೋಜನೆಯಿದೆ. 70 ವರ್ಷ ದಾಟಿದವರಿಗೆ, ಆದಾಯವೆಷ್ಟೇ ಇರಲಿ, 2024ರಿಂದ ಆಯುಷ್ಮಾನ್ ಭಾರತದ ಕಾರ್ಡು ದೊರೆಯುತ್ತದೆ. ಚಿಕಿತ್ಸೆಗಾಗಿ ಪ್ರಯಾಣ ಮಾಡುವ ಕ್ಯಾನ್ಸರ್ ರೋಗಿಗೆ ರೈಲ್ವೆಯವರು ಸ್ಲೀಪರ್ ಮತ್ತು ಮೂರನೆಯ ದರ್ಜೆಯ ಏ.ಸಿ.ಯಲ್ಲಿ ಪೂರ್ತಿ ರಿಯಾಯಿತಿ ಕೊಡುತ್ತಾರೆ, ಜೊತೆಗೆ ಬರುವವನಿಗೆ ನೂರಕ್ಕೆ 75. ಆಸ್ಪತ್ರೆಯಿಂದ ನಮೂನೆ ತುಂಬಿಸಿಕೊಳ್ಳಬೇಕು. ಊರಿನಿಂದ ಬರುವವರಿಗೆ ಇಳಿಯಲು ಪರೇಲಿನಲ್ಲಿ ನಾನಾ ಪಾಲ್ಕರ್ ಸ್ಮೃತಿ ಸಮಿತಿಯಿದೆ, ದಾದರಿನಲ್ಲಿ ಗಾಡ್ಗೆ ಮಹಾರಾಜರ ಹೆಸರಿನ ಧರ್ಮಶಾಲೆಯಿದೆ. ಎರಡೂ ಸದಾ ತುಂಬಿರುತ್ತವೆ. ಚಿಕಿತ್ಸೆಗೆ ಬಗ್ಗದ ಹಂತ ತಲುಪಿದವರನ್ನು ನೋವಿಲ್ಲದಂತೆ ನೋಡಿಕೊಳ್ಳಲು ಬಾಂದ್ರಾದಲ್ಲಿ 1986ರಿಂದ ಶಾಂತಿ ಅವೇದನಾ ಸದನವಿದೆ. ಈ ಹೆಸರನ್ನೂ ಮಾವನವರು ತಮ್ಮ ಕಿರ್ದಿಯಲ್ಲಿ ಬರೆದಿಟ್ಟಿದ್ದಾರೆ. ನಮ್ಮಾಕೆಗೆ ಅದು ಹಿಡಿಸಲಿಲ್ಲ. "ವಿಳಾಸ ಬರೆದಿಟ್ಟ ಮಾತ್ರಕ್ಕೆ ಹೋಗುತ್ತೇನೆಯೇ? ಅಂಬುಲೆನ್ಸಿನ ನಂಬರೂ ಇದೆಯಲ್ಲ" ಎಂದರು.

ಮುಂದಿನ ಮದ್ದುಗಳ ವಿಚಾರವೂ ಆ ಪುಸ್ತಕದಲ್ಲಿದೆ. ಮಾತ್ರೆ ಕೆಲಸ ಮಾಡದಾದರೆ 2004ರಿಂದ ಬಳಕೆಯಲ್ಲಿರುವ ಡೋಸಿಟ್ಯಾಕ್ಸೆಲ್ ಇದೆ. ಅದರಾಚೆಗೆ ಲುಟೇಷಿಯಂ-177: ಕ್ಯಾನ್ಸರಿನ ಕಣವನ್ನು ಹುಡುಕಿ ಅಂಟಿಕೊಂಡು ಅಲ್ಲಿಯೇ ವಿಕಿರಣ ಬೀರುವ ಮದ್ದು. ಆ ಲುಟೇಷಿಯಂ ನಮ್ಮ ಟ್ರಾಂಬೆಯ ಧ್ರುವ ರಿಯಾಕ್ಟರಿನಲ್ಲಿಯೇ ತಯಾರಾಗುತ್ತದೆ. ಚೆಂಬೂರು ಮಾನಖುರ್ದ ಕಡೆಯ ನಮ್ಮ ಬಾಂಧವರು ದಿನವೂ ಅದರ ನೆರೆಯಲ್ಲಿಯೇ ಓಡಾಡುತ್ತಾರೆ. ಮೈಸೂರಿನಲ್ಲಿ ದುಡಿದ ಭಾಭಾರ ಮೊಮ್ಮಗ ಕಟ್ಟಿದ ಟ್ರಾಂಬೆಯಿಂದ, ಅವರ ಮಗಳ ನೆನಪಿನ ಆಸ್ಪತ್ರೆಗೆ ಮದ್ದು ಹೋಗುವ ದಾರಿ ಹೆಚ್ಚೆಂದರೆ ಹತ್ತು ಹದಿನೈದು ಮೈಲಿ.

ಭಾವಮೈದುನನ ಪಾಲಿಗೂ ಒಂದು ಮಾತಿದೆ. ತಂದೆಗೆ ಈ ಕಾಯಿಲೆಯಿದ್ದರೆ ಮಗನಿಗೆ ಬರುವ ಸಂಭವ ಉಳಿದವರಿಗಿಂತ ಸುಮಾರು ಎರಡರಷ್ಟು. ಆದ್ದರಿಂದ ಅವನು 45 ದಾಟುತ್ತಲೇ ವೈದ್ಯರೊಡನೆ ಮಾತನಾಡಬೇಕು. ಕೆಲವು ಮನೆತನಗಳಲ್ಲಿ ಗಂಡಸರ ಈ ಕ್ಯಾನ್ಸರಿಗೂ ಹೆಂಗಸರ ಸ್ತನದ ಕ್ಯಾನ್ಸರಿಗೂ ಕಾರಣವಾದ ವಂಶಾಣು ಒಂದೇ ಆಗಿರುವುದುಂಟು; ಅಂಥಲ್ಲಿ ಹೆಣ್ಣುಮಕ್ಕಳಿಗೂ ತಿಳಿದಿರಬೇಕು. ದೇವರ ಗೂಡಿನ ಹಿಂದೆ ಬಚ್ಚಿಟ್ಟ ಕಾಗದ ಮಗನಿಗೂ ಮಗಳಿಗೂ ಸೇರಿದ ಕಾಗದವಾಗಿರುತ್ತದೆಂಬುದು ಇದರಿಂದ ತಿಳಿಯುತ್ತದೆ.

ಈಗ ಮಾವನವರಿಗೆ ಎಪ್ಪತ್ತು ದಾಟಿದೆ. ಪಿ.ಎಸ್.ಎ. ಕಳೆದ ಸಲ 0.1. ಅದು ಹಾಗೆಯೇ ಇರುತ್ತದೆಂದು ಮನೆಯಲ್ಲಿ ಯಾರೂ ತಿಳಿದಿಲ್ಲ. ಪರೀಕ್ಷೆಯ ಹಿಂದಿನ ವಾರ ಮಾವನವರಿಗೆ ನಿದ್ದೆ ಕಡಿಮೆ, ನಮ್ಮಾಕೆಗೆ ಸಿಡುಕು ಹೆಚ್ಚು. ವರದಿ ಬಂದ ಸಂಜೆ ಎಲ್ಲರೂ ಕುಳಿತು, ಹತ್ತು ವರ್ಷ ಸಮೀಪಿಸುತ್ತಿರುವ ನಮ್ಮ ಮಗಳು ಅಂಕಿಯನ್ನು ಗಟ್ಟಿಯಾಗಿ ಓದಿ ಕಿರ್ದಿಯಲ್ಲಿ ಬರೆಯುತ್ತಾಳೆ. ಅತ್ತೆಯವರು ಹಿಂದೆ ಬೆರಳು ಮಡಚಿ ಎಣಿಸಿದ ನಾಲ್ಕನೆಯ ತರಗತಿ ಬಂದುಬಿಟ್ಟಿದೆ. ಈಗ ಅವರು ಎಸ್.ಎಸ್.ಸಿ.ಯವರೆಗೆ ಎಣಿಸುತ್ತಿದ್ದಾರೆ.

ಆಸ್ಪತ್ರೆಗೆ ಹೋದ ದಿನ ಮಾವನವರು ಬೇಗ ಮರಳುವುದಿಲ್ಲ. ವಿಜಯಪುರ, ಕಲಬುರಗಿ ಕಡೆಯಿಂದ ಸೋಲಾಪುರದ ಗಾಡಿ ಹಿಡಿದು ಬಂದವರು, ಹಿಂದಿಯೂ ಬಾರದೆ ಮರಾಠಿಯೂ ಬಾರದೆ ಕಾಗದ ಹಿಡಿದು ನಿಂತಿರುತ್ತಾರೆ. ಬೆಂಗಳೂರಿನಲ್ಲಿ 1973ರಿಂದ ಕಿದ್ವಾಯಿ ಸಂಸ್ಥೆಯಿದ್ದರೂ ಆ ಕಡೆಯವರಿಗೆ ಹಲವು ವೇಳೆ ಮುಂಬಯಿಯೇ ಹತ್ತಿರ. ಅಂಥವರ ಮಾತನ್ನು ವೈದ್ಯರಿಗೂ, ವೈದ್ಯರ ಮಾತನ್ನು ಅವರಿಗೂ ಮಾವನವರು ಮುಟ್ಟಿಸುತ್ತಾರೆ. ಗಂಡಸರಾದರೆ ಪಕ್ಕಕ್ಕೆ ಕರೆದು, "ರಾತ್ರಿ ಎಷ್ಟು ಸಲ ಏಳುತ್ತೀರಿ?" ಎಂದು ತಾವೇ ಕೇಳುತ್ತಾರಂತೆ. ಕ್ಯಾಲೆಂಡರ್ ನೋಡುವ ಕೆಲಸ ಈಗ ಆ ಕಡೆಯವರದು. ನಮ್ಮ ಸಂಘದ ನಿವೃತ್ತ ಸದಸ್ಯರು ನಾಲ್ಕೈದು ಮಂದಿ ವಾರಕ್ಕೊಂದು ದಿನ ಹೀಗೆ ಹೋಗುವುದಾದರೆ, ಮಾವನವರು ಜೊತೆ ಬರಲು ಸಿದ್ಧರಿದ್ದಾರೆ.

ಈ ವರ್ಷ ಕೋಟೇಶ್ವರದ ಕೊಡಿಹಬ್ಬಕ್ಕೆ ಹೋಗಬೇಕೆಂದು ಅವರ ಆಸೆ. ಸೂಜಿಮದ್ದಿನ ದಿನ ಹಬ್ಬಕ್ಕೆ ಒಂದು ವಾರ ಮೊದಲು ಬೀಳುತ್ತದೆ. ಅಡ್ಡಿಯಿಲ್ಲವೆಂದು ವೈದ್ಯರು ಹೇಳಿದ್ದಾರೆ. ಠಾಣೆಯಲ್ಲಿ ಮತ್ಸ್ಯಗಂಧ ಹತ್ತಿದರೆ ಮರುದಿನ ಬೆಳಿಗ್ಗೆ ಕುಂದಾಪುರ. ರಿಯಾಯಿತಿಯ ನಮೂನೆ ಕಪಾಟಿನಲ್ಲಿದೆ ಎಂದು ಅತ್ತೆಯವರು ನೆನಪಿಸಿದರು. "ಅದು ಚಿಕಿತ್ಸೆಗೆ ಹೋಗುವವರಿಗೆ. ನಾನು ಹಬ್ಬಕ್ಕೆ ಹೋಗುವವನು" ಎಂದು ಹೇಳಿ ಮಾವನವರು ಐವರಿಗೂ ಪೂರ್ತಿ ದರದ ಟಿಕೆಟು ತೆಗೆಸಿ, ಖರ್ಚಿನ ಕಲಮಿನಲ್ಲಿ ಬರೆದುಕೊಂಡಿದ್ದಾರೆ.